ಸಂಗ್ರಾಹಕರಾದ ಶಾಲಾಮಕ್ಕಳು: ಐರ್ಲೆಂಡಿನ ಶಾಲಾ ಜಾನಪದ ಯೋಜನೆ (1937–1939) ಮತ್ತು ಬರವಣಿಗೆಯ ಬೋಧನೆ

ಜಾನಪದ ಅಧ್ಯಯನದ ಇತಿಹಾಸವೆಂದರೆ ಸಾಮಾನ್ಯವಾಗಿ ವಿದ್ವಾಂಸರ, ಸಂಕಲನಗಳ ಮತ್ತು ಸಂಸ್ಥೆಗಳ ಇತಿಹಾಸವಾಗಿರುತ್ತದೆ. ಹಾಡಿದವರು, ಕಥೆ ಹೇಳಿದವರು ವಕ್ತೃಗಳೆಂಬ ಹೆಸರಿನಲ್ಲಿ ಅನುಬಂಧ ಸೇರುತ್ತಾರೆ. ಸಂಗ್ರಹಿಸಿದವರು ಮುನ್ನುಡಿಯಲ್ಲಿ ಉಳಿಯುತ್ತಾರೆ. ಈ ಎರಡು ವರ್ಗಗಳ ನಡುವೆ ನಿಂತು, ಮನೆಯಲ್ಲಿ ಕೇಳಿದ್ದನ್ನು ಕೈಯಾರೆ ಬರೆದುಕೊಟ್ಟ ಶಾಲಾ ಬಾಲಕ ಬಾಲಕಿಯರಿಗೆ ಆ ಇತಿಹಾಸದಲ್ಲಿ ಸ್ಥಾನ ದೊರೆತದ್ದು ತೀರ ವಿರಳ. ಅಂತಹ ವಿರಳ ಪ್ರಸಂಗವೊಂದು 1937ರಿಂದ 1939ರ ನಡುವೆ ಐರ್ಲೆಂಡಿನಲ್ಲಿ ನಡೆಯಿತು. ಆ ದೇಶದ ಸುಮಾರು 5,000 ಪ್ರಾಥಮಿಕ ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ತಮ್ಮ ಊರಿನ ಮೌಖಿಕ ಪರಂಪರೆಯನ್ನು ಹಿರಿಯರಿಂದ ಕೇಳಿ ಬರೆದರು. ಮಕ್ಕಳ ವಯಸ್ಸು ಬಹುಮಟ್ಟಿಗೆ 11ರಿಂದ 14. ಜಾನಪದ ವಿದ್ವಾಂಸರು ಈ ಯೋಜನೆಯನ್ನು ಸಂರಕ್ಷಣೆಯ ಒಂದು ಮಹತ್ಸಾಧನೆ ಎಂದು ಕೊಂಡಾಡಿರುವುದು ಸಹಜವೇ ಆಗಿದೆ. ಪ್ರಸ್ತುತ ಲೇಖನ ಅದನ್ನು ಬೇರೊಂದು ನೆಲೆಯಿಂದ, ಅಂದರೆ ಹಿರಿಯ ಪ್ರಾಥಮಿಕ ಹಂತದ ಮಕ್ಕಳಿಗೆ ಬರವಣಿಗೆಯನ್ನೂ ಸಂಶೋಧನೆಯನ್ನೂ ಒಟ್ಟಿಗೆ ಕಲಿಸಿದ ಪ್ರಯೋಗವೆಂಬ ನೆಲೆಯಿಂದ ನೋಡಲು ಯತ್ನಿಸುತ್ತದೆ. ಯೋಜನೆಯ ಯಶಸ್ಸಿಗೂ ಮಿತಿಗೂ ಕಾರಣಗಳು ತರಗತಿಯ ಒಳಗೇ ದೊರೆಯುತ್ತವೆ ಎಂಬುದು ಈ ಲೇಖಕನ ಅಭಿಪ್ರಾಯ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. 1845ರಲ್ಲಿ ಆರಂಭವಾದ ಮಹಾಕ್ಷಾಮ ಮತ್ತು ಅದರ ಬೆನ್ನಿಗೇ ನಡೆದ ವಲಸೆಯಿಂದ ಐರಿಷ್ ಭಾಷೆಯನ್ನಾಡುವ ಬಡ ಗ್ರಾಮೀಣ ಜನವರ್ಗ ಅಪಾರವಾಗಿ ಕುಗ್ಗಿತು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಆ ಭಾಷೆ ಪಶ್ಚಿಮ ತೀರದ ಕೆಲವು ಪ್ರದೇಶಗಳಿಗೆ ಹೆಚ್ಚುಕಡಿಮೆ ಸೀಮಿತಗೊಂಡಿತ್ತು. ಸ್ವತಂತ್ರ ರಾಜ್ಯ ಸ್ಥಾಪನೆಯಾದ ಮೇಲೆ 1927ರಲ್ಲಿ ಐರ್ಲೆಂಡಿನ ಜಾನಪದ ಸಂಘ, 1930ರಲ್ಲಿ ಜಾನಪದ ಸಂಸ್ಥೆ, 1935ರಲ್ಲಿ ಸರ್ಕಾರದ ಅನುದಾನದಿಂದ ನಡೆಯುವ ಐರಿಷ್ ಜಾನಪದ ಆಯೋಗ ಹುಟ್ಟಿಕೊಂಡವು. ಈ ಮೂರಕ್ಕೂ ಜೀವಾಳವಾಗಿದ್ದವರು ಜೇಮ್ಸ್ ಡೆಲಾರ್ಗಿ ಎಂದೂ ಪರಿಚಿತರಾದ ಶೇಮಸ್ ಓ ಡುಲಾರ್ಗ. 1928ರಲ್ಲಿ ಅವರು ಸ್ಕ್ಯಾಂಡಿನೇವಿಯಾ, ಫಿನ್ಲೆಂಡ್, ಎಸ್ಟೋನಿಯಾ ದೇಶಗಳಲ್ಲಿ ಸಂಚರಿಸಿ ಅಲ್ಲಿನ ಜಾನಪದ ಪತ್ರಾಗಾರಗಳನ್ನು ಕಣ್ಣಾರೆ ನೋಡಿ ಬಂದಿದ್ದರು. ಸ್ವೀಡನ್ನಿನ ವಿದ್ವಾಂಸ ಕಾರ್ಲ್ ವಿಲ್ಹೆಲ್ಮ್ ಫಾನ್ ಸೀಡೊ ಅವರ ಮಾರ್ಗದರ್ಶನವೂ ದೊರೆತಿತ್ತು. ಆಯೋಗದ ಪೂರ್ಣಾವಧಿ ಸಂಗ್ರಾಹಕರು ಎಡಿಫೋನ್ ಯಂತ್ರವನ್ನು ಹೊತ್ತುಕೊಂಡು ಊರೂರು ಸುತ್ತಿ, ಮೇಣದ ಉರುಳೆಗಳ ಮೇಲೆ ಕಥೆಗಳನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ಆ ಬಳಿಕ ಉರುಳೆಯ ಮೇಣವನ್ನು ಹೆರೆದು ಮತ್ತೆ ಬಳಸುತ್ತಿದ್ದರು. ಆದರೆ ಅಂಥ ಸಂಗ್ರಾಹಕರು ಬೆರಳೆಣಿಕೆಯಷ್ಟು ಮಂದಿ. ಮುದುಕರು ಸಾಯುವ ವೇಗಕ್ಕೂ ಸಂಗ್ರಾಹಕರು ನಡೆಯುವ ವೇಗಕ್ಕೂ ತಾಳಮೇಳವಿರಲಿಲ್ಲ.

ಈ ಬಿಕ್ಕಟ್ಟಿಗೆ ಶಾಲೆಯ ದಾರಿಯನ್ನು ಹುಡುಕಿದ್ದು ಅನಿರೀಕ್ಷಿತವೇನಲ್ಲ. ಆಯೋಗದ ಪತ್ರಾಗಾರಾಧಿಕಾರಿಯಾಗಿದ್ದ ಶಾನ್ ಓ ಸೂಲವಾನ್ ಅದಕ್ಕೆ ಮೊದಲು ಪ್ರಾಥಮಿಕ ಶಾಲಾ ಶಿಕ್ಷಕರಾಗಿದ್ದವರು. 1935ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಪತ್ರಾಗಾರದ ವರ್ಗೀಕರಣ ಪದ್ಧತಿಯಲ್ಲಿ ತರಬೇತಿ ಪಡೆದು ಬಂದವರು. ಒಂದು ಕಡೆ ಕರಿಹಲಗೆಯ ಅನುಭವ, ಇನ್ನೊಂದು ಕಡೆ ವರ್ಗೀಕರಣದ ಶಿಸ್ತು. ಇವೆರಡೂ ಕೂಡಿದ ಫಲವೇ ಶಿಕ್ಷಕರಿಗಾಗಿ ಅವರು ಸಿದ್ಧಪಡಿಸಿದ, 1937ರಲ್ಲಿ ಶಿಕ್ಷಣ ಇಲಾಖೆಯ ಮೂಲಕ ಶಾಲೆಗಳಿಗೆ ಹಂಚಿದ ಕಿರುಹೊತ್ತಗೆ. ಶಿಕ್ಷಕರ ರಾಷ್ಟ್ರೀಯ ಸಂಘಟನೆಯೂ ಯೋಜನೆಗೆ ಸಹಕರಿಸಿತು. ದ್ವೀಪದ 32 ಕೌಂಟಿಗಳ ಪೈಕಿ ಸ್ವತಂತ್ರ ರಾಜ್ಯಕ್ಕೆ ಸೇರಿದ 26ರಲ್ಲಿ ಮಾತ್ರ ಯೋಜನೆ ಜಾರಿಗೊಂಡಿತು. ಉತ್ತರದ 6 ಕೌಂಟಿಗಳು ಹೊರಗುಳಿದವು.

ಯೋಜನೆಯ ಸ್ವರೂಪದಲ್ಲಿ ಬಹು ಮುಖ್ಯವಾದ ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ಜಾನಪದ ಸಂಗ್ರಹವನ್ನು ಶಾಲೆಯ ವೇಳಾಪಟ್ಟಿಗೆ ಹೊಸ ಹೊರೆಯಾಗಿ ಸೇರಿಸಲಿಲ್ಲ. ಐದು ಮತ್ತು ಆರನೆಯ ತರಗತಿಯ ಮಕ್ಕಳು ವಾರವಾರವೂ ಬರೆಯಬೇಕಾಗಿದ್ದ ಪ್ರಬಂಧದ ಸ್ಥಾನದಲ್ಲಿಯೇ ಇದನ್ನು ಇಡಲಾಯಿತು. ಶಿಕ್ಷಕರು ಒಂದು ವಿಷಯವನ್ನು ಪರಿಚಯಿಸಿ, ಅದಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಮಕ್ಕಳ ಮುಂದಿಡುವರು. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮಂದಿರನ್ನೋ ಅಜ್ಜ ಅಜ್ಜಿಯರನ್ನೋ ನೆರೆಮನೆಯ ಮುದುಕರನ್ನೋ ಕೇಳಿಕೊಂಡು ಬರುವರು. ಆಮೇಲೆ ತಮ್ಮ ಅಭ್ಯಾಸ ಪುಸ್ತಕದಲ್ಲಿ ಐರಿಷ್ ಅಥವಾ ಇಂಗ್ಲಿಷಿನಲ್ಲಿ ಬರೆಯುವರು. 1926ರ ಶಾಲಾ ಹಾಜರಾತಿ ಕಾಯಿದೆಯ ಪ್ರಕಾರ ಕಡ್ಡಾಯ ಶಿಕ್ಷಣ 14 ವರ್ಷಕ್ಕೆ ಮುಗಿಯುತ್ತಿತ್ತು. ಉಚಿತ ಪ್ರೌಢಶಿಕ್ಷಣ ಆ ದೇಶಕ್ಕೆ ಬಂದದ್ದು 1967ರಲ್ಲಿ. ಎಂದರೆ ಈ ಮಕ್ಕಳಲ್ಲಿ ಬಹುಪಾಲಿಗೆ ಇದು ಜೀವನದ ಕೊನೆಯ ತರಗತಿ. ಅನಂತರ ಹೊಲ, ಮನೆಗೆಲಸ, ಇಲ್ಲವೇ ಇಂಗ್ಲೆಂಡಿಗೆ ಹೋಗುವ ಹಡಗು. ಅನೇಕರ ಮಟ್ಟಿಗೆ, ಅವರು ಸ್ವಂತವಾಗಿ ರಚಿಸಿದ ಗದ್ಯವೆಂದು ಸಾರ್ವಜನಿಕ ಸಂಗ್ರಹವೊಂದರಲ್ಲಿ ಉಳಿದಿರುವುದು ಈ ಪುಟಗಳು ಮಾತ್ರ.

ಕಿರುಹೊತ್ತಗೆಯಲ್ಲಿದ್ದ ವಿಷಯಗಳು 55. ಹೂತಿಟ್ಟ ನಿಧಿಯ ಐತಿಹ್ಯಗಳು, ಒಗಟುಗಳು, ಗಾದೆಗಳು, ಹವಾಮಾನದ ಲಕ್ಷಣಗಳು, ಊರಿನ ಮದ್ದುಗಳು, ಮದುವೆಯ ಆಚರಣೆಗಳು, ಮಕ್ಕಳ ಆಟಗಳು, ಮನೆಯಲ್ಲೇ ಮಾಡಿದ ಆಟಿಕೆಗಳು, ಕಮ್ಮಾರನ ಕುಲುಮೆ, ಊರಿನ ಜಾತ್ರೆ, ಜಮೀನ್ದಾರ, ಕ್ಷಾಮದ ಕಾಲ, ಪವಿತ್ರ ಬಾವಿಗಳು, ಯಕ್ಷಕಿನ್ನರರು ವಾಸಿಸುತ್ತಾರೆಂಬ ನಂಬಿಕೆಯ ಹಳೆಯ ಮಣ್ಣಿನ ಕೋಟೆಗಳು, ಹಳೆಯ ಶಾಲೆಗಳು, ಸ್ಥಳನಾಮಗಳು, ಅಲೆಮಾರಿಗಳು, ಆಲೂಗಡ್ಡೆಯ ಬೆಳೆ, ಬೆಣ್ಣೆ ಕಡೆಯುವುದು, ಕೊನೆಗೆ ಪಾದಗಳ ಆರೈಕೆ ಕೂಡ. ಪಾದಗಳ ಆರೈಕೆಯನ್ನು ಪ್ರಬಂಧದ ವಿಷಯವಾಗಿ ಇಟ್ಟ ಶಿಕ್ಷಣ ಇಲಾಖೆ ಬೇರೆಲ್ಲಿಯಾದರೂ ಇದ್ದೀತೇ ಎಂದು ಅಚ್ಚರಿಯಾಗುತ್ತದೆ. ಹಿಂದಿನವರು ಎಷ್ಟನೆಯ ವಯಸ್ಸಿಗೆ ಪಾದರಕ್ಷೆ ಮೆಟ್ಟಲು ಆರಂಭಿಸುತ್ತಿದ್ದರು, ಮಕ್ಕಳು ಯಾವ ತಿಂಗಳಿನಿಂದ ಬರಿಗಾಲಿನಲ್ಲಿ ಓಡಾಡುತ್ತಾರೆ, ಕಾಲು ತೊಳೆದ ನೀರಿನ ಬಗೆಗೆ ಯಾವ ನಂಬಿಕೆಗಳಿವೆ ಎಂಬ ಮೂರು ಪ್ರಶ್ನೆಗಳಿಂದ ಬಡತನ, ಋತುಮಾನ ಮತ್ತು ಅಲೌಕಿಕ ನಂಬಿಕೆಗಳು ಒಂದೇ ಪುಟದಲ್ಲಿ ಬಂದು ಕೂಡುತ್ತವೆ. ಅನುಭವಿ ಕ್ಷೇತ್ರಕಾರ್ಯಕರ್ತರೂ ಇಷ್ಟು ಸರಳವಾಗಿ ಪ್ರಶ್ನೆ ಹೆಣೆಯಲಾರರು.

ಬೆಣ್ಣೆ ಕಡೆಯುವ ವಿಷಯದ ಮೇಲೆ ಮಕ್ಕಳು ಬರೆದ ಪುಟಗಳನ್ನು ನೋಡಿದರೆ ಪ್ರಶ್ನೆಗಳ ಗುಣ ತಿಳಿಯುತ್ತದೆ. ಅವು ಹೆಚ್ಚಾಗಿ ಮನೆಯಲ್ಲಿರುವ ಕಡೆಯುವ ಪಾತ್ರೆಯ ಅಳತೆಯಿಂದ ಆರಂಭವಾಗುತ್ತವೆ: ಎತ್ತರವೆಷ್ಟು, ಬಾಯಿಯ ಅಗಲವೆಷ್ಟು, ತಳದ ಅಗಲವೆಷ್ಟು. ಆಮೇಲೆ ಬೇಸಿಗೆಯಲ್ಲಿ ವಾರಕ್ಕೆಷ್ಟು ಸಲ, ಚಳಿಗಾಲದಲ್ಲಿ ಎಷ್ಟು ಸಲ. ಎಷ್ಟು ಹೊತ್ತು ಹಿಡಿಯುತ್ತದೆ. ಬೆಣ್ಣೆ ಬಂದಿತೆಂದು ತಿಳಿಯುವುದು ಹೇಗೆ. ಆ ಹೊತ್ತಿಗೆ ಮನೆಗೆ ಬಂದ ಹೊರಗಿನವರು ಒಂದಿಷ್ಟು ಕೈಹಾಕಿ ಹೋಗಬೇಕೆಂಬ ರೂಢಿ ಏಕೆ. ಮಗು ಮೊದಲು ಅಳೆಯುತ್ತದೆ, ಆಮೇಲೆ ಎಣಿಸುತ್ತದೆ, ಆಮೇಲೆ ಕೇಳುತ್ತದೆ, ಕಟ್ಟಕಡೆಗೆ ನಂಬಿಕೆಯ ವಿಚಾರಕ್ಕೆ ಬರುತ್ತದೆ. ಕಣ್ಣಿಗೆ ಕಾಣುವ ವಸ್ತುವಿನಿಂದ ಕಾಣದ ನಂಬಿಕೆಗೆ ಸಾಗುವ ಈ ಕ್ರಮವನ್ನು ಸ್ನಾತಕೋತ್ತರ ತರಗತಿಗಳಲ್ಲಿ ನಾವು ಭೌತಿಕ ಸಂಸ್ಕೃತಿಯ ಅಧ್ಯಯನ ವಿಧಾನವೆಂದು ಬೋಧಿಸುತ್ತೇವೆ. ಹನ್ನೆರಡು ವರ್ಷದ ಹುಡುಗಿ ಅದನ್ನು ವಿಧಾನವೆಂದು ತಿಳಿಯದೆಯೇ ಅನುಸರಿಸಿದಳು. ಆಲೂಗಡ್ಡೆಯ ಬೆಳೆಯ ಬಗೆಗೂ ಹೀಗೆಯೇ. ಎಷ್ಟು ನೆಲ, ಯಾರು ಹದಮಾಡುತ್ತಾರೆ, ಪಾತಿ ಏರಿಸಿ ನೆಡುತ್ತಾರೋ ಸಾಲು ಹೊಡೆದು ನೆಡುತ್ತಾರೋ, ಬಿತ್ತನೆಗಡ್ಡೆಯನ್ನು ಕೊಯ್ಯುವವರು ಯಾರು, ನೆರೆಯವರು ಪರಸ್ಪರ ಕೈಗೂಡುತ್ತಾರೆಯೇ, ಆ ಸೀಮೆಯಲ್ಲಿ ಯಾವ ತಳಿಗಳಿವೆ ಎಂಬ ವಿವರಗಳು ಪುಟದಿಂದ ಪುಟಕ್ಕೆ ಬದಲಾಗುತ್ತ ಹೋಗಿ, ಒಟ್ಟಿಗೆ ಇಟ್ಟಾಗ ಒಂದು ದೇಶದ ಕೃಷಿಜೀವನದ ಭೂಪಟವೇ ಆಗುತ್ತದೆ.

ಇದನ್ನು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದ ಪ್ರಬಂಧ ರಚನೆಯ ಕ್ರಮದೊಡನೆ ಹೋಲಿಸಿದಾಗ ಭೇದ ಸ್ಪಷ್ಟವಾಗುತ್ತದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಕಂಬಗಳ ಮೇಲೆ ನಿಲ್ಲುವ ಆ ಪ್ರಬಂಧಗಳಲ್ಲಿ ಆಕಳು, ಗ್ರಂಥಾಲಯದ ಮಹತ್ವ, ರಾಷ್ಟ್ರೀಯ ಹಬ್ಬಗಳು, ವಿಜ್ಞಾನದ ವರದಾನ ಮೊದಲಾದ ವಿಷಯಗಳೇ ಮತ್ತೆ ಮತ್ತೆ ಬರುತ್ತವೆ. ಆಕಳಿಗೆ ನಾಲ್ಕು ಕಾಲುಗಳಿವೆ ಎಂಬುದನ್ನು ಶಿಕ್ಷಕರೂ ಬಲ್ಲರು, ಮಕ್ಕಳೂ ಬಲ್ಲರು. ಬಲ್ಲವರಿಗೆ ಬಲ್ಲದ್ದನ್ನೇ ಬರೆದು ತೋರಿಸುವ ಈ ಅಭ್ಯಾಸದಲ್ಲಿ ಅಕ್ಷರದ ಅಂದ ಮತ್ತು ವ್ಯಾಕರಣದ ಹೊರತು ಬೇರೆ ಯಾವುದಕ್ಕೂ ಬೆಲೆಯಿರಲು ಸಾಧ್ಯವಿಲ್ಲ. ಐರ್ಲೆಂಡಿನ ತರಗತಿಯಲ್ಲಿ ಈ ಸಂಬಂಧ ತಲೆಕೆಳಗಾಯಿತು. ಅನೇಕ ಶಿಕ್ಷಕರು ಹೊರಗಿನ ಊರಿನಿಂದ ಬಂದವರು. ಯಾವ ಹೊಲಕ್ಕೆ ಏನು ಹೆಸರು, ಯಾವ ಬಾವಿಗೆ ಯಾವ ಸಂತನ ಕಥೆ ಎಂಬುದನ್ನು ಮಗು ಬರೆದಾಗ, ಓದುವ ಶಿಕ್ಷಕರು ನಿಜವಾಗಿಯೂ ಹೊಸ ಸಂಗತಿಯನ್ನು ತಿಳಿಯುತ್ತಿದ್ದರು. ಓದುಗನಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎಂಬ ಅರಿವು ಬಂದೊಡನೆ ಬರವಣಿಗೆ ತಾನಾಗಿ ನಿಖರವಾಗುತ್ತದೆ. ಎಡಕ್ಕೋ ಬಲಕ್ಕೋ, ಹಳ್ಳದ ಈಚೆಗೋ ಆಚೆಗೋ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಸಂಗ್ರಹದ ಉತ್ತಮ ಪುಟಗಳಲ್ಲಿ ಅಲಂಕಾರ ಕಡಿಮೆ, ದಿಕ್ಕು ಮತ್ತು ದೂರದ ವಿವರ ಹೆಚ್ಚು.

ಇನ್ನೊಂದು ಅಂಶ ಸಂಶೋಧನೆಯ ಶಿಸ್ತಿಗೆ ನೇರವಾಗಿ ಸಂಬಂಧಿಸಿದ್ದು. ಬರೆದವರ ಹೆಸರು ಮತ್ತು ಊರು, ಹೇಳಿದವರ ಹೆಸರು, ಊರು ಮತ್ತು ವಯಸ್ಸು, ಇಷ್ಟನ್ನು ಬರಹದ ಜೊತೆಗೆ ದಾಖಲಿಸುವುದು ಯೋಜನೆಯ ರೂಢಿಯಾಗಿತ್ತು. ಎಲ್ಲ ಪುಟಗಳಲ್ಲಿ ಎಲ್ಲ ವಿವರವೂ ಇಲ್ಲ. ಆದರೂ ವಕ್ತೃವಿನ ವಿವರವಿಲ್ಲದ ಮಾಹಿತಿ ಅಪೂರ್ಣವೆಂಬ ತಿಳಿವಳಿಕೆಯನ್ನು ಪ್ರಾಥಮಿಕ ಶಾಲೆಯಲ್ಲಿಯೇ ಬಿತ್ತಿದ್ದು ಸಾಮಾನ್ಯ ಸಂಗತಿಯಲ್ಲ. ಅಜ್ಜಿ ಹೇಳಿದಳು ಎಂದು ಬರೆಯುವುದಕ್ಕೂ, ಇಂಥ ಊರಿನ 80 ವರ್ಷದ ಇಂಥವರು ಹೇಳಿದರು ಎಂದು ಬರೆಯುವುದಕ್ಕೂ ಇರುವ ಅಂತರ ಬಹಳ ದೊಡ್ಡದು. 1937ರಲ್ಲಿ 80 ವರ್ಷವಾಗಿದ್ದ ವಕ್ತೃ 1857ರ ಆಸುಪಾಸಿನಲ್ಲಿ ಹುಟ್ಟಿದವರು. ಅವರ ತಂದೆತಾಯಿಗಳು ಮಹಾಕ್ಷಾಮವನ್ನು ದಾಟಿ ಬಂದವರು. ಮಗು ದಾಖಲಿಸಿದ ಎರಡಂಕಿಯ ಆ ವಯಸ್ಸಿನಿಂದಲೇ ಇಂದಿನ ಇತಿಹಾಸಕಾರ ಈ ಮಾತು ಎಷ್ಟನೆಯ ತಲೆಮಾರಿನದು ಎಂದು ಲೆಕ್ಕ ಹಾಕಬಲ್ಲ.

ವಯಸ್ಸನ್ನು ಕೇಳುವುದೂ ಸುಲಭದ ಕೆಲಸವಲ್ಲ. ಐರ್ಲೆಂಡಿನಲ್ಲಿ ಜನನಗಳ ಸಾರ್ವತ್ರಿಕ ನಾಗರಿಕ ನೋಂದಣಿ ಆರಂಭವಾದದ್ದು 1864ರಲ್ಲಿ. 1908ರ ಕಾಯಿದೆಯಂತೆ 1909ರಿಂದ ವೃದ್ಧಾಪ್ಯ ವೇತನ ಕೊಡಲಾರಂಭಿಸಿದಾಗ 70 ವರ್ಷವಾಗಿದೆಯೆಂದು ತೋರಿಸಲು ಅನೇಕ ಮುದುಕರ ಬಳಿ ಯಾವ ದಾಖಲೆಯೂ ಇರಲಿಲ್ಲ. 1839ರ ಜನವರಿ 6ರ ರಾತ್ರಿ ಬೀಸಿದ ಮಹಾ ಬಿರುಗಾಳಿ ನೆನಪಿದೆಯೇ ಎಂಬುದೇ ಆಗ ವಯಸ್ಸಿನ ಪುರಾವೆಯಾಯಿತು. ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ 1876–78ರ ಧಾತು ಈಶ್ವರ ಸಂವತ್ಸರಗಳ ಬರ, ಪ್ಲೇಗಿನ ವರ್ಷಗಳು, 1918ರ ಇನ್‌ಫ್ಲುಯೆಂಜ ಜ್ವರ ಇವೇ ಕಾಲಗಣನೆಯ ಗೂಟಗಳಾಗಿದ್ದವು. ಪ್ರಸ್ತುತ ಲೇಖಕನ ಕ್ಷೇತ್ರಕಾರ್ಯದಲ್ಲಿಯೂ ಹಿರಿಯ ವಕ್ತೃಗಳು ವಯಸ್ಸನ್ನು ಇಸವಿಯಲ್ಲಿ ಹೇಳಿದ್ದು ಅಪರೂಪ. ಕೆರೆ ಒಡೆದ ವರ್ಷ ಮದುವೆಯಾಯಿತು, ದೊಡ್ಡ ಮಗ ಹೊಟ್ಟೆಯಲ್ಲಿದ್ದಾಗ ಊರಿಗೆ ಕರೆಂಟು ಬಂತು ಎಂಬ ರೀತಿಯ ಉತ್ತರಗಳೇ ಹೆಚ್ಚು. ಇಂತಹ ಉತ್ತರವನ್ನು ಇಸವಿಗೆ ತಿರುಗಿಸುವುದು ಹೇಗೆ ಎಂಬ ಲೆಕ್ಕವನ್ನು ಏಳನೆಯ ತರಗತಿಯ ಮಕ್ಕಳು ಬಲು ಉತ್ಸಾಹದಿಂದ ಮಾಡುತ್ತಾರೆ. ಗಣಿತದ ಅವಧಿಯಲ್ಲಿ ಕಾಣದ ಉತ್ಸಾಹವದು.

ಐರಿಷ್ ಭಾಷೆಯಲ್ಲಿ ಜಾನಪದಕ್ಕೆ ಇರುವ ಹೆಸರು ಬೇಲಿದಸ್. ಬಾಯಿ ಮತ್ತು ಬೋಧನೆ ಎಂಬ ಅರ್ಥದ ಎರಡು ಪದಗಳು ಕೂಡಿ ಆದ ಸಮಾಸವಿದು. ಬಾಯಿಪಾಠ ಎಂಬ ನಮ್ಮ ಮಾತಿಗೆ ಹತ್ತಿರವಾದರೂ ಅರ್ಥ ಅದಕ್ಕಿಂತ ವಿಶಾಲ. ಈ ಬಾಯಿಯ ಬೋಧನೆಗೂ ಶಾಲೆಯ ಬೋಧನೆಗೂ ಹಿಂದಿನ ಶತಮಾನದಲ್ಲಿ ನೇರ ವೈರವಿತ್ತು. ಹಳೆಯ ಶಾಲೆಗಳು ಎಂಬ ವಿಷಯದ ಮೇಲೆ ಮಕ್ಕಳು ಬರೆದು ತಂದ ವಿವರಗಳಲ್ಲಿ ಇದು ಎದ್ದು ಕಾಣುತ್ತದೆ. ಬೇಲಿಯ ಮರೆಯಲ್ಲಿ, ಕೊಟ್ಟಿಗೆಯಲ್ಲಿ ನಡೆಯುತ್ತಿದ್ದ ಅನಧಿಕೃತ ಶಾಲೆಗಳ ನೆನಪಿನ ಜೊತೆಗೇ, ಐರಿಷ್ ಮಾತನಾಡಿದ ಮಗುವಿನ ಕೊರಳಿಗೆ ಕಟ್ಟಿದ ಕೋಲಿನ ಮೇಲೆ ಒಂದೊಂದು ಮಾತಿಗೆ ಒಂದೊಂದು ಗೀರು ಹಾಕಿ, ಸಂಜೆಗೆ ಗೀರುಗಳನ್ನು ಎಣಿಸಿ ಹೊಡೆಯುತ್ತಿದ್ದ ಪದ್ಧತಿಯ ನೆನಪುಗಳೂ ಅಲ್ಲಿವೆ. 1831ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶಾಲಾ ವ್ಯವಸ್ಥೆಯ ಅಂಥ ತರಗತಿಗಳಲ್ಲಿ ಏಟು ತಿಂದ ಮಗು ಮುದುಕನಾಗಿ ಬದುಕಿದ್ದಾಗ, ಅದೇ ವ್ಯವಸ್ಥೆಯ ತರಗತಿಯಿಂದ ಮೊಮ್ಮಗ ಬಂದು ನಿನ್ನ ಮಾತನ್ನು ಹೇಳು, ಬರೆದುಕೊಂಡು ಹೋಗಬೇಕು ಎಂದು ಕೇಳಿದ. ಆ ಮುದುಕನಿಗೆ ಏನನ್ನಿಸಿತೆಂಬುದನ್ನು ಯಾವ ಪುಟವೂ ನೇರವಾಗಿ ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ದೊರೆತಿದೆ ಎಂಬುದಷ್ಟೇ ನಮಗೆ ಕಾಣುವುದು. ಓದು ಬಾರದ ಹಿರಿಯರು ಮಗುವಿಗೆ ಗುರುಗಳಾದ ಈ ಸಂದರ್ಭವನ್ನು ಶಿಕ್ಷಣದ ಇತಿಹಾಸಕಾರರು ಇನ್ನೂ ಹೆಚ್ಚು ಗಂಭೀರವಾಗಿ ಪರಿಶೀಲಿಸಬೇಕಾಗಿದೆ.

ಮಕ್ಕಳು ಬರೆದದ್ದು ಪತ್ರಾಗಾರವನ್ನು ತಲುಪಿದ ಬಗೆಯನ್ನು ಈಗ ನೋಡಬಹುದು. ಪ್ರತಿ ಶಾಲೆಗೂ ಒಂದು ದೊಡ್ಡ ಹಸ್ತಪ್ರತಿ ಪುಸ್ತಕವನ್ನು ನೀಡಲಾಗಿತ್ತು. ಅಭ್ಯಾಸ ಪುಸ್ತಕಗಳಲ್ಲಿ ಬಂದ ಬರಹಗಳಲ್ಲಿ ಉತ್ತಮವಾದವನ್ನು ಶಿಕ್ಷಕರು ಆರಿಸುವರು. ಶಿಕ್ಷಕರೋ, ಅಕ್ಷರ ದುಂಡಗಿರುವ ವಿದ್ಯಾರ್ಥಿಗಳೋ ಅವನ್ನು ದೊಡ್ಡ ಪುಸ್ತಕಕ್ಕೆ ಪ್ರತಿಮಾಡುವರು. ಅನಂತರ ಈ ಪುಸ್ತಕಗಳನ್ನು ಕೌಂಟಿವಾರು ಜೋಡಿಸಿ, ಪುಟಸಂಖ್ಯೆ ಕೊಟ್ಟು, 1,128 ಸಂಪುಟಗಳಾಗಿ ಕಟ್ಟಲಾಯಿತು. ಶಾಲೆಯ ಹೆಸರು, ಸ್ಥಳ ಮತ್ತು ಶಿಕ್ಷಕರ ಹೆಸರು ಪ್ರತಿ ಶಾಲೆಯ ಭಾಗದ ಮೊದಲಿಗೆ ಬರುತ್ತವೆ. ಸಂಪುಟಗಳಲ್ಲಿ ಸುಮಾರು 4,51,000 ಪುಟಗಳೂ, ಉಳಿದು ಬಂದಿರುವ ಮಕ್ಕಳ ಮೂಲ ಅಭ್ಯಾಸ ಪುಸ್ತಕಗಳಲ್ಲಿ ಸುಮಾರು 2,88,000 ಪುಟಗಳೂ ಇವೆ. ಒಟ್ಟು ಸುಮಾರು 7,40,000 ಪುಟಗಳು.

ಸಂಶೋಧಕರು ಉಲ್ಲೇಖಿಸುವುದು ಬಹುತೇಕ ಸಂಪುಟಗಳನ್ನೇ. ಬರವಣಿಗೆಯ ಬೋಧನೆಯ ದೃಷ್ಟಿಯಿಂದ ನೋಡುವವರಿಗೆ ಅಭ್ಯಾಸ ಪುಸ್ತಕಗಳೇ ಹೆಚ್ಚು ಮುಖ್ಯ. ಒಂದೇ ತರಗತಿಯ ಹತ್ತು ಮಕ್ಕಳು ಒಂದೇ ದಿಬ್ಬದ ಬಗೆಗೆ ಬರೆದ ಹತ್ತು ಬರಹಗಳು ಅಲ್ಲಿ ಅಕ್ಕಪಕ್ಕದಲ್ಲಿ ಸಿಗುತ್ತವೆ. ಜಾನಪದ ವಿದ್ವಾಂಸನಿಗೆ ಇವು ಪಾಠಾಂತರಗಳು. ಶಿಕ್ಷಕನಿಗೆ ಹತ್ತು ಬಗೆಯ ಕೇಳುವಿಕೆಗಳು. ದೊಡ್ಡ ಪುಸ್ತಕಕ್ಕೆ ಅವುಗಳಲ್ಲಿ ಒಂದೋ ಎರಡೋ ಹೋಗುತ್ತವೆ. ಹೋಗುವಾಗ ಕಾಗುಣಿತ ತಿದ್ದುತ್ತದೆ, ವಾಕ್ಯ ನೇರವಾಗುತ್ತದೆ, ಕೆಲವೊಮ್ಮೆ ಆಡುಮಾತಿನ ಬಿಸಿಯೂ ಆರುತ್ತದೆ. ತಿದ್ದಿ ಪ್ರತಿಮಾಡುವುದು ಬರವಣಿಗೆಯ ಶಿಕ್ಷಣದ ಅವಿಭಾಜ್ಯ ಭಾಗವೆಂಬುದು ನಿಜ. ಕರಡು, ತಿದ್ದುಪಡಿ, ಶುದ್ಧಪ್ರತಿ ಎಂಬ ಮೂರು ಹಂತಗಳನ್ನು ಆ ಮಕ್ಕಳು ಕಣ್ಣಾರೆ ಕಂಡರು. ಆದರೆ ಇಲ್ಲಿ ತಿದ್ದುವ ಅಧಿಕಾರ ಬರೆದ ಮಗುವಿನ ಕೈಯಲ್ಲಿರಲಿಲ್ಲ. ಅಕ್ಷರ ಅಂದವಿಲ್ಲದ, ಆದರೆ ಒಳ್ಳೆಯ ಕಿವಿಯಿದ್ದ ಹುಡುಗನ ಬರಹ ಹಿಂದೆ ಉಳಿದು, ಮುದ್ದಾದ ಅಕ್ಷರದ ಸಾಧಾರಣ ಬರಹ ಮುಂದೆ ಹೋಗಿರುವ ಸಾಧ್ಯತೆ ಯಾವ ಶಿಕ್ಷಕನಿಗೂ ಅಪರಿಚಿತವಲ್ಲ. ಅಭ್ಯಾಸ ಪುಸ್ತಕಗಳನ್ನೂ ಎಸೆಯದೆ ತರಿಸಿ ಇಟ್ಟುಕೊಂಡದ್ದರಿಂದಲೇ ಈ ಆಯ್ಕೆಯನ್ನು ಇಂದು ಪರೀಕ್ಷಿಸಲು ಸಾಧ್ಯವಾಗಿದೆ. ಆಯೋಗದ ದೂರದೃಷ್ಟಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಯೋಜನೆಯ ಮಿತಿಗಳನ್ನು ಹೇಳದೆ ಹೋದರೆ ವಿಮರ್ಶೆ ಏಕಮುಖವಾಗುತ್ತದೆ. ಮೊದಲನೆಯದಾಗಿ ಮೌನದ ಪ್ರಶ್ನೆ. ಕ್ಷಾಮವನ್ನೂ ಜಮೀನ್ದಾರನ ದೌರ್ಜನ್ಯವನ್ನೂ ಕುರಿತು ಕೇಳಲು ಶೀರ್ಷಿಕೆಗಳಿದ್ದವು. ಆದರೆ 1922–23ರಲ್ಲಿ, ಅಂದರೆ ಕೇವಲ 15 ವರ್ಷಗಳ ಹಿಂದೆ, ಅಣ್ಣತಮ್ಮಂದಿರೇ ಎದುರುಬದುರಾಗಿ ನಿಂತ ಅಂತರ್ಯುದ್ಧಕ್ಕೆ ಪ್ರತ್ಯೇಕ ಶೀರ್ಷಿಕೆ ಇರಲಿಲ್ಲ. ಆ ಕಾಲದ ಸಂಘರ್ಷಗಳು ಅಲ್ಲಲ್ಲಿ ಇಣುಕುತ್ತವೆಯಾದರೂ ವಿರಳ. ಶಾಲೆಗಳ ಆಡಳಿತ ಬಹುಪಾಲು ಸ್ಥಳೀಯ ಪಾದ್ರಿಗಳ ಕೈಯಲ್ಲಿತ್ತು. ಮಗುವಿನ ಪ್ರಬಂಧವನ್ನು ಮೊದಲು ಓದುವವರು ಅವರಡಿಯ ಶಿಕ್ಷಕರು. ಕಾಮ, ಕುಡಿತ, ಮನೆಯೊಳಗಿನ ಹಿಂಸೆ, ನೆರೆಯವರ ಜಗಳ ಇವುಗಳನ್ನು ಹಿರಿಯರು ಮಕ್ಕಳ ಕಿವಿಗೆ ಹಾಕುವುದಿಲ್ಲ, ಹಾಕಿದರೂ ಮಕ್ಕಳು ಗುರುಗಳಿಗೆ ಬರೆದು ತೋರಿಸುವುದಿಲ್ಲ. ಅಲೆಮಾರಿಗಳ ಬಗೆಗಿನ ಪುಟಗಳನ್ನು ಓದುವಾಗಲೂ ಎಚ್ಚರ ಅಗತ್ಯ. ಅಲ್ಲಿ ಮಾತನಾಡುವವರು ಬಾಗಿಲೊಳಗೆ ನಿಂತು ಅವರನ್ನು ನೋಡಿದ ನೆಲೆನಿಂತ ಜನ. ಬಾಗಿಲ ಹೊರಗೆ ನಿಂತವರ ಮಾತು ಅಲ್ಲಿಲ್ಲ.

ಎರಡನೆಯದು ಇನ್ನೂ ಮೂಲಭೂತವಾದದ್ದು. ಯೋಜನೆ ಮಕ್ಕಳಿಗೆ ಕೇಳಲು, ಬರೆಯಲು, ಮೂಲವನ್ನು ಸೂಚಿಸಲು ಕಲಿಸಿತು. ಕೇಳಿದ್ದನ್ನು ತೂಗಿ ನೋಡಲು ಕಲಿಸಲಿಲ್ಲ. ಒಂದೇ ಕೋಟೆಯ ನಿಧಿಯನ್ನು ಒಬ್ಬ ಮುದುಕ ಡೇನರು ಹೂತದ್ದೆಂದೂ ಇನ್ನೊಬ್ಬ ಸನ್ಯಾಸಿಗಳು ಹೂತದ್ದೆಂದೂ ಹೇಳಿದರೆ ಎರಡನ್ನೂ ಬರೆಯಬಹುದಾಗಿತ್ತು. ಏಕೆ ಎರಡು ಬಗೆ ಎಂಬ ಪ್ರಶ್ನೆಗೆ ತರಗತಿಯಲ್ಲಿ ವಿಶೇಷ ಸ್ಥಳವಿರಲಿಲ್ಲ. ಸಂಗ್ರಹವೇ ಗುರಿಯಾಗಿದ್ದಾಗ ಇದು ಅನಿವಾರ್ಯ. ಪತ್ರಾಗಾರಕ್ಕೆ ಬೇಕಾಗಿದ್ದುದು ತೀರ್ಪಿನ ಸೋಂಕಿಲ್ಲದ ಪಠ್ಯ. ಮಗುವಿಗೆ ಬೇಕಾಗಿದ್ದುದು ಇನ್ನೊಂದು ಹೆಜ್ಜೆ. ಎರಡು ಹೇಳಿಕೆಗಳು ಒಂದಕ್ಕೊಂದು ಹೊಂದದಿರುವುದನ್ನು ಕಂಡು ಬೆರಗಾಗುವ ಗಳಿಗೆಯೇ ಸಂಶೋಧನೆಯ ಆರಂಭ ಎನ್ನುವುದಾದರೆ, ಆ ಮಕ್ಕಳನ್ನು ಹೊಸ್ತಿಲವರೆಗೆ ಕರೆದೊಯ್ದು ಅಲ್ಲಿಯೇ ನಿಲ್ಲಿಸಲಾಯಿತು ಎನ್ನಬೇಕಾಗುತ್ತದೆ. ಓ ಸೂಲವಾನ್ ಅವರು 1942ರಲ್ಲಿ ಪ್ರಕಟಿಸಿದ ಐರಿಷ್ ಜಾನಪದದ ಕೈಪಿಡಿ ಇದೇ ಪ್ರಶ್ನಾವಳಿಯ ಮಾರ್ಗವನ್ನು ಬಹಳ ವಿಸ್ತಾರವಾಗಿ ಬೆಳೆಸಿತು. ಆದರೆ ಅದು ಸಂಗ್ರಾಹಕರಿಗಾಗಿ ಬರೆದ ಗ್ರಂಥ. ಮಕ್ಕಳ ತರಗತಿಗೆ ಅಂತಹ ಮುಂದುವರಿಕೆ ದೊರೆಯಲಿಲ್ಲ.

1971ರಲ್ಲಿ ಆಯೋಗದ ಕಾರ್ಯ ಮುಗಿದು ಅದರ ಸಂಗ್ರಹಗಳು ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿಗೆ ವರ್ಗಾವಣೆಗೊಂಡವು. 2013ರಿಂದ ಶಾಲಾ ಸಂಗ್ರಹದ ಪುಟಗಳು ದೂಖಸ್ ಎಂಬ ಜಾಲತಾಣದಲ್ಲಿ ಬರತೊಡಗಿದವು. ಆಮೇಲೆ ಸ್ವಯಂಸೇವಕರು ಮನೆಯಲ್ಲಿ ಕುಳಿತು ಆ ಕೈಬರಹವನ್ನು ಅಕ್ಷರಜೋಡಣೆ ಮಾಡುವ ವ್ಯವಸ್ಥೆಯೂ ಆಯಿತು. 2017ರಲ್ಲಿ ಆಯೋಗದ 1935–1970ರ ಸಂಗ್ರಹವನ್ನು ಯುನೆಸ್ಕೋದ ವಿಶ್ವಸ್ಮೃತಿ ನೋಂದಣಿಗೆ ಸೇರಿಸಲಾಯಿತು. ಬಿಡಿ ಪುಟಕ್ಕೂ ಇಂದು ಸಂಪುಟ ಸಂಖ್ಯೆ, ಪುಟಸಂಖ್ಯೆಗಳ ಸಹಿತ ಒಂದು ವಿಳಾಸವಿದೆ.

ಅದೇ ದಶಕದಲ್ಲಿ ಕನ್ನಡನಾಡಿನಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬಹುದು. ಎರಡರ ನಡುವೆ ನೇರ ಪ್ರಭಾವವನ್ನು ಹುಡುಕುವ ಅಗತ್ಯವಿಲ್ಲ. ಕಾಲದ ಸಾಮ್ಯ ಮಾತ್ರ ವಿಚಾರಾರ್ಹವಾದದ್ದು. ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಬಂಡಿಹೊಳೆಯ ಅರ್ಚಕ ಬಿ. ರಂಗಸ್ವಾಮಿಯವರ ‘ಹುಟ್ಟಿದ ಹಳ್ಳಿ ಹಳ್ಳಿಯ ಹಾಡು’ 1933ರಲ್ಲಿ ಬಂದಿತು. ಒಂದೇ ಹಳ್ಳಿಯನ್ನು ಒಳಗಿನವರೇ ಸಮಗ್ರವಾಗಿ ದಾಖಲಿಸಿದ ಆ ಕೃತಿಯ ಮಹತ್ವವನ್ನು ನಮ್ಮ ವಿದ್ವಾಂಸರು ಗುರುತಿಸಿದ್ದಾರೆ. ಹಲಸಂಗಿ ಬಳಗದ ಸಿಂಪಿ ಲಿಂಗಣ್ಣನವರು ವೃತ್ತಿಯಿಂದ ಪ್ರಾಥಮಿಕ ಶಾಲಾ ಶಿಕ್ಷಕರು. ಅಂದಿನ ಮುಂಬಯಿ ಪ್ರಾಂತದ ಕನ್ನಡ ಶಾಲೆಗಳಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ ಶಿಕ್ಷಕರಾದವರು ಹಳ್ಳಿಯ ಹಾಡುಗಳಿಗೆ ಕಿವಿಗೊಟ್ಟ ಮೊದಲ ತಲೆಮಾರಿನವರಲ್ಲಿ ಸೇರುತ್ತಾರೆ. ಆದರೆ ಅವರ ಸಂಗ್ರಹ ನಡೆದದ್ದು ಶಾಲೆ ಬಿಟ್ಟ ಮೇಲೆ, ಸ್ವಂತ ಒಲವಿನಿಂದ. ತರಗತಿಯ ಪ್ರಬಂಧದ ಅವಧಿಗೆ ಆ ಹಾಡುಗಳು ಬರಲಿಲ್ಲ. ಹಾಡುವ ತಾಯಿಯ ಮಗ ಆ ತರಗತಿಯಲ್ಲಿಯೇ ಕುಳಿತು ಆಕಳಿನ ಮೇಲೆ ಪ್ರಬಂಧ ಬರೆಯುತ್ತಿದ್ದಿರಬಹುದು. ನಮ್ಮ ಆರಂಭಕಾಲದ ಬಹುಪಾಲು ಸಂಕಲನಗಳಲ್ಲಿ ಬಿಡಿಹಾಡಿಗೆ ಹಾಡಿದವರ ಹೆಸರು, ವಯಸ್ಸು ದೊರೆಯದಿರುವುದನ್ನೂ ಇದರ ಜೊತೆಗೇ ಗಮನಿಸಬೇಕು. ಕಾವ್ಯವನ್ನು ಉಳಿಸುವ ಆತುರದಲ್ಲಿ ಆ ಮಹನೀಯರಿಗೆ ವಕ್ತೃವಿನ ವಿವರ ಮುಖ್ಯವೆನಿಸಲಿಲ್ಲ. ಆ ಕೆಲಸದ ಹಿರಿಮೆ ಇದರಿಂದ ಕುಗ್ಗುವುದಿಲ್ಲವಾದರೂ ಸಂಶೋಧಕನಿಗೆ ಕೊರತೆ ಕೊರತೆಯೇ.

ಈಚಿನ ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿದೆಯೆಂದು ಹೇಳಲು ಕಾರಣಗಳಿವೆ. ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮುಖ್ಯ ಆಶಯಗಳಲ್ಲೊಂದಾಗಿತ್ತು. ಅದರ ಬೆನ್ನಿಗೆ ಯೋಜನಾ ಕಾರ್ಯಗಳು ನಮ್ಮ ಹಿರಿಯ ಪ್ರಾಥಮಿಕ ತರಗತಿಗಳಿಗೂ ಬಂದವು. ನಿಮ್ಮ ಊರಿನ ಜನಪದ ಕಲೆಗಳ ಮಾಹಿತಿ ಸಂಗ್ರಹಿಸಿರಿ ಎಂಬ ಸೂಚನೆ ಪಾಠದ ಕೊನೆಗೆ ಅಚ್ಚಾಗಿರುತ್ತದೆ. ಸೂಚನೆ ಒಳ್ಳೆಯದೇ, ಪ್ರಶ್ನೆಗಳು ಮಾತ್ರ ಇರುವುದಿಲ್ಲ. ಯಾರನ್ನು ಕೇಳಬೇಕು, ಏನನ್ನು ಅಳೆಯಬೇಕು, ಹೇಳಿದವರ ಹೆಸರನ್ನು ಎಲ್ಲಿ ಬರೆಯಬೇಕು ಎಂಬ ಮಾರ್ಗದರ್ಶನವಿಲ್ಲದ ಮಗು ಪುಸ್ತಕದಂಗಡಿಗೆ ಹೋಗಿ ಡೊಳ್ಳು ಕುಣಿತದ ಚಿತ್ರವಿರುವ ಹಾಳೆ ತಂದು ಅಂಟಿಸುತ್ತದೆ, ಅಥವಾ ಅಕ್ಕನ ಮೊಬೈಲಿನಿಂದ ನೋಡಿ ಬರೆಯುತ್ತದೆ. ಸ್ವತಃ ಡೊಳ್ಳು ಬಾರಿಸುವವರ ಮನೆಯ ಹುಡುಗನೇ ಅಂಟಿಸಿದ ಚಿತ್ರದ ಕೆಳಗೆ ಅಚ್ಚಿನ ವಾಕ್ಯವನ್ನು ನಕಲು ಮಾಡಿರುವುದನ್ನು ಮಧ್ಯ ಕರ್ನಾಟಕದ ಒಂದು ಶಾಲೆಯಲ್ಲಿ ಈ ಲೇಖಕ ಕಂಡಿದ್ದುಂಟು. ಡೊಳ್ಳಿಗೆ ಯಾವ ಚರ್ಮ, ಯಾವ ಮರ, ಹದ ಮಾಡುವವರು ಯಾರು, ಎಂಥ ದಿನಗಳಲ್ಲಿ ಅದನ್ನು ಇಳಿಸುವುದಿಲ್ಲ ಎಂದು ಬಾಯಿಮಾತಿನಲ್ಲಿ ಕೇಳಿದಾಗ ಆ ಹುಡುಗ ಹದಿನೈದು ನಿಮಿಷ ತಡೆಯಿಲ್ಲದೆ ಹೇಳಿದ. ಅದು ಬರೆಯತಕ್ಕ ವಿಷಯವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇಷ್ಟಾಗಿಯೂ ಹಲವು ಶಿಕ್ಷಕ ಶಿಕ್ಷಕಿಯರು ಸ್ವಂತ ಆಸಕ್ತಿಯಿಂದ ಮಕ್ಕಳಿಂದ ಒಗಟು, ಗಾದೆ, ಸ್ಥಳನಾಮ, ಆಟಗಳನ್ನು ಬರೆಯಿಸಿದ್ದಾರೆ. ಕೆಲವು ನೋಟುಪುಸ್ತಕಗಳಲ್ಲಿ ಅಚ್ಚಾದ ಸಂಕಲನಗಳಲ್ಲಿಲ್ಲದ ಸಾಮಗ್ರಿ ಇದೆ. ಮೌಲ್ಯಮಾಪನದ ಅಂಕಗಳನ್ನು ವಹಿಯಲ್ಲಿ ನಮೂದಿಸಿದ ಮೇಲೆ ಅವು ಒಂದೋ ಎರಡೋ ವರ್ಷ ಶಾಲೆಯ ಬೀರುವಿನಲ್ಲಿರುತ್ತವೆ. ಬೀರು ತುಂಬಿದಾಗ ರದ್ದಿಗೆ ಹೋಗುತ್ತವೆ. ಅವನ್ನು ತಾಲ್ಲೂಕುವಾರು ಪಡೆದು, ಶಾಲೆ, ಮಗು ಮತ್ತು ವಕ್ತೃವಿನ ಹೆಸರು ಹಚ್ಚಿ, ಪುಟಸಂಖ್ಯೆ ಕೊಟ್ಟು ಇಡುವ ಹೊಣೆಯನ್ನು ವಿಶ್ವವಿದ್ಯಾಲಯಗಳೋ ಅಕಾಡೆಮಿಗಳೋ ವಹಿಸಿಕೊಳ್ಳಬಹುದು. ಅದಕ್ಕೆ ಬೇಕಾಗುವುದು ಒಂದು ಕೊಠಡಿ, ಕೆಲವು ಕಪಾಟು, ಒಬ್ಬ ಪತ್ರಾಗಾರಾಧಿಕಾರಿ ಮತ್ತು ಶಿಕ್ಷಕರ ಕೈಗೆ ಕೊಡಬಹುದಾದ ಒಂದು ತೆಳುವಾದ ಪ್ರಶ್ನೆಗಳ ಹೊತ್ತಗೆ.